ಬೆಣ್ಣೆ ಕೋವಿ

ಢಣ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಢಣ್, ಢಣ್.

ಲಿಂಗದಹಳ್ಳಿ ದಾಟಿ ಗುಡ್ಡದ ಕಡೆಗೆ ತಿರುಗುವ ಮಣ್ಣುದಾರಿಯಲ್ಲಿ ಬಂದವರಿಗೆ ಊರು ಕಾಣುವ ಮೊದಲೇ ಈ ಸದ್ದು ಕೇಳುತ್ತಿತ್ತು. ಗದ್ದೆಯ ನಡುವಿನ ಮತ್ತಿಮರಕ್ಕೆ ಖಾಲಿ ಸೀಮೆಎಣ್ಣೆ ಡಬ್ಬವೊಂದನ್ನು ಕಟ್ಟಿ, ಅದರೊಳಗೆ ಕಬ್ಬಿಣದ ತುಂಡೊಂದನ್ನು ನೇತುಹಾಕಿದ್ದರು. ಅಲ್ಲಿಂದ ಹೊರಟ ಹಗ್ಗ ಬದುವಿನ ಗೂಟಗಳ ಮೇಲೆ ಹಾದು, ಬೇಲಿ ದಾಟಿ, ಗುರುಶಾಂತಮ್ಮನ ಮನೆಯ ಜಗಲಿಗೆ ಬಂದು ಮುಗಿಯುತ್ತಿತ್ತು. ಹಗ್ಗದ ತುದಿ ಅವಳ ಗಂಡ ದೇವೀರಪ್ಪನ ಕೈಯಲ್ಲಿ. ಕಣ್ಣಿನ ಪೊರೆಗೆ ಆಪರೇಷನ್ ಮಾಡಿಸಲು ಇವತ್ತು ನಾಳೆ ಎಂದು ತಡಮಾಡಿದ್ದರಿಂದ ಅವನಿಗೆ ಈಗ ಬೆಳಕು ನೆರಳು ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಗಿಳಿಹಿಂಡು ಇಳಿದದ್ದನ್ನು ರೆಕ್ಕೆಯ ಸದ್ದಿನಿಂದಲೇ ತಿಳಿದು ಹಗ್ಗ ಜಗ್ಗುತ್ತಿದ್ದ.

ಹಕ್ಕಿಗೆ ಡಬ್ಬ, ಹಂದಿಗೆ ಕೋವಿ. ಡಬ್ಬ ಅವನದು, ಕೋವಿ ಅವಳದು.

ಅವಳದು ಎಂದರೆ ಬರೀ ಬಾಯಿಮಾತಲ್ಲ, ಲೈಸೆನ್ಸೇ ಅವಳ ಹೆಸರಿನಲ್ಲಿತ್ತು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ, ಕಣ್ಣು ಮಂದವಾಗುತ್ತಿದ್ದ ದೇವೀರಪ್ಪನೇ ಅವಳನ್ನು ತರೀಕೆರೆಗೆ ಕರೆದೊಯ್ದು ಅರ್ಜಿ ಕೊಡಿಸಿದ್ದ. ತಲೆತುಂಬ ಸೆರಗು ಹೊದ್ದು ನಿಂತ ಹೆಂಗಸನ್ನು ನೋಡಿ ಸಾಹೇಬರು, "ಏನಮ್ಮಾ, ಕೋವಿ ನೆಟ್ಟಗೆ ಹಿಡಿಯೋಕೆ ಬರುತ್ತಾ?" ಎಂದು ಕೇಳಿದರು.

"ನಮ್ಮೆಜಮಾನ್ರು ಕಣ್ಣಿದ್ದಾಗ ಹಿಡೀತಿದ್ದಕ್ಕಿಂತ ನೆಟ್ಟಗೆ ಹಿಡೀತೀನಿ ಸ್ವಾಮಿ," ಎಂದಳು ಗುರುಶಾಂತಮ್ಮ.

ಸಾಹೇಬರು ಜೋರಾಗಿ ನಕ್ಕು ಸಹಿ ಹಾಕಿದರು. ದೇವೀರಪ್ಪನ ನಗು ಮಾತ್ರ ಬಸ್ಸಿನಲ್ಲಿ ಊರು ಮುಟ್ಟುವವರೆಗೂ ನಿಲ್ಲಲಿಲ್ಲ.

ಅವಳ ತವರು ಯಗಟಿ. ರಾಗಿಹೊಲ, ಕುರಿಮಂದೆ, ಅಲ್ಲಲ್ಲಿ ತೆಂಗು, ಉಳಿದದ್ದೆಲ್ಲ ಆಕಾಶ. ಅಂಥ ಬಯಲಿನಲ್ಲಿ ಬೆಳೆದವಳು ಕಾಡಂಚಿನ ಈ ಊರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ, ಹೊತ್ತು ಇಳಿದರೆ ಹೊಸಿಲು ದಾಟಲು ಅಂಜುತ್ತಿದ್ದಳು. ಆ ಅಂಜಿಕೆ ಬಿಡಿಸಿದವರು ಮಾವ. ಒಂದು ದಿನ ಗೋಡೆಯ ಗೂಟದಿಂದ ಕೋವಿ ಇಳಿಸಿ ಅವಳ ಎರಡೂ ಕೈ ಮೇಲೆ ಇಟ್ಟು, "ಭಾರ ನೋಡವ್ವಾ. ಬೀಟೆ ಮರ. ಈ ಸೀಮೇಲಿ ಬೀಟೆ ಮರದ ಕೋವಿ ಅಂತ ಇರೋದು ನಮ್ಮನೇಲಿ ಒಂದೇ," ಎಂದಿದ್ದರು. ನಳಿಗೆಗೆ ಜೊತೆಯಾಗುವಂತೆ ಮರವೂ ಕಪ್ಪಗೆ, ನುಣ್ಣಗೆ, ತಣ್ಣಗಿತ್ತು. ಮುಂದೆ ತವರಿಗೆ ಹೋದಾಗಲೆಲ್ಲ ಅವಳೂ ಅದನ್ನೇ ಹೇಳಿಕೊಂಡು ಬಂದಳು. ಬೀಟೆ ಕಣೇ, ಬೀಟೆ.

ಆ ಊರಿನಲ್ಲಿ ವಿಜಯದಶಮಿಯ ಸಂಜೆ ಬನ್ನಿ ಮುಡಿಯುವ ಮೊದಲು ಕೋವಿ ಹಾರಿಸುತ್ತಾರೆ. ಗುಂಡಿಲ್ಲ, ಬರೀ ಮದ್ದು. ಕೋವಿ ಇರುವ ಮನೆಯವರು ತಂದು ಬನ್ನಿಕಟ್ಟೆಯ ಮೇಲೆ ಸಾಲಾಗಿ ಮಲಗಿಸುತ್ತಾರೆ. ಊರ ಹಿರಿಯರು ಒಂದೊಂದನ್ನೂ ಎತ್ತಿ ಅದರ ಮರದ ಹಿಡಿಯ ಉದ್ದಕ್ಕೂ ಕೈಯಾಡಿಸಿ ನೋಡುತ್ತಾರೆ. ಯಾವ ಕಾಲದಲ್ಲೋ, ಸೀಳು ಬಿಟ್ಟಿದ್ದ ಕೋವಿಯೊಂದರ ಮರ, ಹಾರಿಸುವಾಗ ಒಡೆದು ಒಬ್ಬನ ಕೆನ್ನೆ ಹರಿದಿತ್ತಂತೆ. ಅಂದಿನಿಂದ, ಮರ ಗಟ್ಟಿಯಿದ್ದ ಕೋವಿಗಷ್ಟೇ ಹಾರುವ ಭಾಗ್ಯ. ಮೊದಲ ಸದ್ದು ದೇವೀರಪ್ಪನ ಮನೆಯದು. ಅದು ಕೇಳಿದ ಮೇಲೆಯೇ ಊರು ಬನ್ನಿಗೆ ಕೈ ಹಾಕುವುದು. ಒಂದು ವರ್ಷ ಆ ಕೋವಿ ಹಾರದೆ ಹೋದರೆ ಮೊದಲ ಸದ್ದಿನ ಮರ್ಯಾದೆ ಮುಂದಿನ ಮನೆಗೆ ಹೋಗುತ್ತದೆ, ಮತ್ತೆ ತಿರುಗಿ ಬರುವುದಿಲ್ಲ.

ಲೈಸೆನ್ಸ್ ಹೆಸರು ಬದಲಾದ ವರ್ಷ, ಹೆಂಗಸು ಹಾರಿಸಬಹುದೇ ಎಂಬ ಮಾತು ಎದ್ದಿತ್ತು. ಊರ ಹಿರಿಯ ಈರಭದ್ರಪ್ಪನವರು ಎಲೆಅಡಿಕೆ ಉಗುಳಿ ಬಂದು, "ಕೋವಿ ಯಾರದೋ ಅವ್ರು ಹಾರಿಸ್ತಾರೆ. ಇದ್ರಾಗೆ ಕೇಳೋದೇನೈತೆ?" ಎಂದರು. ಅಲ್ಲಿಗೆ ಮುಗಿಯಿತು. ಗುರುಶಾಂತಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾರಿಸಿದಳು. ಆಮೇಲೆ ಅದು ಊರಿಗೆ ಅಭ್ಯಾಸವಾಯಿತು. ಅವಳಿಗೆ ಮಾತ್ರ ಆಗಲಿಲ್ಲ. ಪ್ರತಿ ವರ್ಷವೂ ಆ ಸದ್ದಿನ ಮುಂಚಿನ ಗಳಿಗೆಯಲ್ಲಿ ಎದೆ ತುಂಬಿಬರುತ್ತಿತ್ತು.

ಎಂಬತ್ಮೂರರ ಚುನಾವಣೆ ಬಂತು. ಕೋವಿ ಇದ್ದವರೆಲ್ಲ ಠಾಣೆಯಲ್ಲಿ ಇಟ್ಟು ಬರಬೇಕೆಂದು ತಳವಾರ ಮನೆಮನೆಗೆ ಹೇಳಿ ಹೋದ. ಕೊಟ್ಟು ಬರುವ ಹಿಂದಿನ ದಿನ ಗುರುಶಾಂತಮ್ಮ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು, ಆಗಷ್ಟೇ ಕಡೆದ ಬೆಣ್ಣೆಯನ್ನು ಅಂಗೈ ತುಂಬ ತೆಗೆದು ಮರಕ್ಕೆ ತಿಕ್ಕಿದಳು. ಮರ ಮುಖ ಕಾಣುವಷ್ಟು ಹೊಳೆಯಿತು.

ವಾಸನೆ ಹಿಡಿದ ದೇವೀರಪ್ಪ ಜಗಲಿಯಿಂದಲೇ ಕೂಗಿದ. "ಏನೇ ಅದು, ಮಗಳನ್ನ ಗಂಡನ ಮನೆಗೆ ಕಳಿಸ್ತಿದ್ದೀಯಾ?"

"ಮತ್ತೆ? ಹತ್ತೂರಿನ ಕೋವಿ ಬಂದಿರ್ತವೆ ಅಲ್ಲಿ. ನಮ್ದು ದಿಕ್ಕಿಲ್ಲದ್ದರಂಗೆ ನಿಂತ್ಕೋಬೇಕಾ?"

"ರೊಟ್ಟಿಗೆ ಒಂಚೂರು ಮಿಗಿಸು."

ಚುನಾವಣೆ ಮುಗಿದರೂ ಬಿಡಿಸಿಕೊಂಡು ಬರುವುದು ಹಾಗೇ ಮುಂದಕ್ಕೆ ಹೋಯಿತು. ಬೇಸಿಗೆ ಪೂರ್ತಿ ದೇವೀರಪ್ಪನ ಕಣ್ಣಿನ ಓಡಾಟ. ಆಮೇಲೆ ಮಳೆ, ಸಸಿ, ನಾಟಿ. ಗೌರಿಹಬ್ಬ ಕಳೆದ ಮೇಲೆ ಅವಳೊಬ್ಬಳೇ ಠಾಣೆಗೆ ಹೋದಳು. ಕೋವಿ ತಂದುಕೊಟ್ಟ ಪೊಲೀಸಿನವನಿಗೆ ನಗು ತಡೆಯಲಾಗುತ್ತಿರಲಿಲ್ಲ.

"ಅಮ್ಮಾ, ಇಷ್ಟು ಕೋವಿ ಇದ್ವು, ಒಂದನ್ನೂ ಇಲಿ ಮೂಸಿಲ್ಲ. ನಿಮ್ಮದಕ್ಕೆ ಮಾತ್ರ ಊಟಕ್ಕೆ ಬಂದಂಗೆ ಬಂದವೆ. ಏನು ಹಚ್ಚಿದ್ರಿ?"

ಗುರುಶಾಂತಮ್ಮ ಕೋವಿಯನ್ನು ಬೆಳಕಿಗೆ ತಿರುಗಿಸಿದಳು. ಹೆಗಲಿಗೆ ಆನಿಸಿಕೊಳ್ಳುವ ತುದಿಯಿಂದ ಕೈ ಹಿಡಿಯುವ ಸಣ್ಣ ಜಾಗದವರೆಗೆ ಹಲ್ಲಿನ ಗುರುತು. ಉಳಿದಲ್ಲಿ ಥಂಡಿಗೆ ಬೂಸಲು ಬಂದು, ಹುಳಿತ ಬೆಣ್ಣೆಯ ನಾತ. ಅವಳೇ ಅಕ್ಕರೆಯಿಂದ ಬಡಿಸಿ ಬಂದಿದ್ದಳು, ಇಲಿಗಳು ಉಂಡಿದ್ದವು. ಕೋವಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು. ಅವಳು ಮನೆ ಮುಟ್ಟಿ ಕಾಲು ತೊಳೆಯುವಷ್ಟರಲ್ಲಿ ಸುದ್ದಿಯೂ ಊರು ಮುಟ್ಟಿತ್ತು.

ಮರುದಿನ ಬೆಳಿಗ್ಗೆ ಮೈದುನ ಶಿವಮೂರ್ತಪ್ಪ ಬಂದ. ಪಾಲಾದ ಮೇಲೆ ಪಕ್ಕದ ಮನೆಯಲ್ಲೇ ಇದ್ದ ಅವನು ಹಿಂದಿನ ವರ್ಷ ಹೊಸ ಕೋವಿ ಕೊಂಡಿದ್ದ. ಜಗಲಿಯಲ್ಲಿ ಅಣ್ಣನ ಪಕ್ಕ ಕೂತು, ಒಳಗಿನವರಿಗೆ ಕೇಳುವ ಹಾಗೆ ಹೇಳಿದ. "ಅತ್ತಿಗೇ, ಬೆಣ್ಣೆ ಕೋವಿ ಬಂತಂತೆ, ತೋರಿಸಲ್ವಾ?"

ಅವಳು ತಂದು ಅವನ ಮುಂದೆ ಇಟ್ಟಳು. ಅವನು ನೋಡಿದ. ಅವನ ಮುಖದ ನಗೆ ಇಳಿಯಿತು, ಅವನಪ್ಪನ ಕೋವಿಯೂ ತಾನೇ ಅದು.

"ಹೋಗ್ಲಿ ಬಿಡಿ ಅತ್ತಿಗೆ. ಈ ಸಲ ಮೊದಲ ಸದ್ದು ನಮ್ಮನೆಯಿಂದ ಆಗ್ಲಿ. ಅದೂ ಅಪ್ಪನ ಮನೇನೇ ಅಲ್ವಾ? ಹೊರಗಿನೋರಿಗೆ ಹೋಗೋದಕ್ಕಿಂತ ವಾಸಿ."

"ಬನ್ನಿಹಬ್ಬಕ್ಕೆ ಇನ್ನೂ ದಿನ ಐತೆ ಕಣಪ್ಪಾ."

"ಶಿವಮೊಗ್ಗಕ್ಕೆ ರಿಪೇರಿಗೆ ಕೊಟ್ರೂ ದೀಪಾವಳಿ ಆಗ್ತದೆ."

"ಅದಕ್ಕೇ ಅಲ್ಲಿಗೆ ಕೊಡಲ್ಲ," ಎಂದಳು.

ಅವನು ಹೋದ ಮೇಲೆ ಅವಳು ಗಂಡನ ಪಕ್ಕ ಕೂತಳು. ದೇವೀರಪ್ಪ ಹಗ್ಗವನ್ನು ಒಮ್ಮೆ ಜಗ್ಗಿದ, ಗಿಳಿ ಇರಲಿಲ್ಲ. "ಸ್ಕ್ರೂ ಬಿಚ್ಚೋದು ನನ್ಗೆ ಕಣ್ಣಿಲ್ದಿದ್ರೂ ಬರ್ತದೆ," ಎಂದ.

ಹೀಗೆ ಶುರುವಾಯಿತು. ಅವನು ತಡವಿಕೊಂಡೇ ನಳಿಗೆ, ಬೆರಳಿನಿಂದ ಎಳೆಯುವ ಕುದುರೆ, ತಗಡು ಎಲ್ಲ ಕಳಚಿ ಒಂದು ಮೊರದಲ್ಲಿ ಸಾಲಾಗಿ ಇಟ್ಟ. ಬರಿಯ ಮರ ಅವಳ ಕೈಗೆ ಬಂತು. ಮೊದಲು ಬೆಣ್ಣೆ ಹೋಗಬೇಕಿತ್ತು. ಯಗಟಿಯಲ್ಲಿ ಕಂಬಳಿಗೆ ಎಣ್ಣೆ ಚೆಲ್ಲಿದರೆ ನುಣ್ಣನೆಯ ಬೂದಿ ಕಲಸಿ ಮೆತ್ತಿ ಬಿಸಿಲಿಗೆ ಹಾಸುತ್ತಿದ್ದರು. ಬೂದಿ ಒಣಗುತ್ತಾ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ಒಲೆಯ ಬೂದಿ ಕೈಗೆ ತರಿತರಿ ಎನಿಸಿತು. ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಮುರಿದ ಚೂರುಗಳಿದ್ದವು. ಅವನ್ನು ಅರೆದು ನೀರಿನಲ್ಲಿ ಕಲಸಿ ಮರಕ್ಕೆ ಬಳಿದಳು.

ಬೆರಳಿನಿಂದ ಮುಟ್ಟಿ ನೋಡಿದ ದೇವೀರಪ್ಪ ಗಂಭೀರವಾಗಿ ಹೇಳಿದ. "ವಿಭೂತಿ ಆಯ್ತು. ಇನ್ನು ಮಠಕ್ಕೆ ಕರ್ಕೊಂಡು ಹೋಗಿ ಲಿಂಗ ಕಟ್ಟಿಸಿಬಿಡು."

"ಮೊದ್ಲು ಇಲಿ ಬಾಯಿಂದ ತಪ್ಪಿಸಿದ್ರೆ ಸಾಕಾಗ್ಯದೆ," ಎಂದಳು.

ಬಿಸಿಲಿಗೆ ವಿಭೂತಿ ಹಳದಿಯಾಯಿತು. ಕೆರೆದು ಹಾಕಿ ಮತ್ತೆ ಬಳಿದಳು, ಮತ್ತೆ ಹಳದಿ. ಬಳಿದದ್ದು ಬೆಳ್ಳಗೇ ಒಣಗಿದ ದಿನ ಸೀಗೆಪುಡಿ ಹಾಕಿ ಮರವನ್ನು ತೊಳೆದಳು. ಆಮೇಲೆ ಒಡೆದ ಸೀಸೆಯ ಚೂರಿನ ಅಂಚಿನಿಂದ ಮೆಲ್ಲಗೆ ಹೆರೆಯತೊಡಗಿದಳು. ಕಪ್ಪು ಸುರುಳಿ ಸುರುಳಿಯಾಗಿ ಎದ್ದು ಮಡಿಲಿಗೆ ಬಿತ್ತು. ವರ್ಷವರ್ಷದ ಆಯುಧಪೂಜೆಯ ಅರಿಸಿನ, ದೀಪದ ಎಣ್ಣೆ, ಹೊಗೆ, ಕೈಬೆವರು ಎಲ್ಲವೂ ಒಂದರ ಮೇಲೊಂದು ಕೂತು ಸಿಪ್ಪೆಯಾಗಿದ್ದವು. ಹೆರೆದಂತೆ ಅವಳಿಗೆ ಒಂದು ಸಂಗತಿ ತಿಳಿಯಿತು. ಇಲಿಯ ಹಲ್ಲು ಇಳಿದದ್ದು ಹೆಚ್ಚಾಗಿ ಈ ಸಿಪ್ಪೆಯೊಳಕ್ಕೆ. ಕೈ ಹಿಡಿಯುವ ಸಣ್ಣ ಜಾಗದಲ್ಲಿ ಮರಕ್ಕೆ ಗೀರೂ ಆಗಿರಲಿಲ್ಲ. ತುದಿಯಲ್ಲಿ ಮಾತ್ರ ಒಂದು ಹುಣಿಸೆಬೀಜದಷ್ಟು ಗುಳಿ.

ಅವಳ ಕೈ ಹಗುರಾಯಿತು. ಬೇಗ ಬೇಗ ಹೆರೆದಳು. ಆಗ ಕಪ್ಪಿನ ಕೆಳಗಿನಿಂದ ಹಳದಿ ಇಣುಕಿತು.

ಮೊದಲು ಅರಿಸಿನವೆಂದುಕೊಂಡಳು. ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಹೋಗಲಿಲ್ಲ. ಇನ್ನೊಂದು ಕಡೆ ಹೆರೆದಳು, ಅಲ್ಲೂ ಹಳದಿ. ಸೀಸೆಯ ಚೂರು ಕೆಳಗಿಟ್ಟಳು.

"ಯಾಕೆ, ಸದ್ದೇ ನಿಂತೋಯ್ತು?" ಎಂದ ದೇವೀರಪ್ಪ.

"ರೀ, ಇದು ಬೀಟೆ ಅಲ್ಲ. ಹಲಸು."

ಅವನು ಕೈ ಚಾಚಿದ. ಮರವನ್ನು ಮೂಗಿನ ಹತ್ತಿರ ಹಿಡಿದು ಉಸಿರೆಳೆದ. ಹಿತ್ತಲಿನ ಕಡೆಗೆ ಮುಖ ತಿರುಗಿಸಿದ.

ಹಿತ್ತಲಿನ ಹಲಸಿನ ಮರದಲ್ಲಿ ಆಳೆತ್ತರಕ್ಕೆ ಒಂದು ದೊಡ್ಡ ಕೊಂಬೆ ಕೊಯ್ದ ಗಾಯ ಇತ್ತು. ಮಾಗಿ, ತೊಗಟೆ ಸುತ್ತಲೂ ತುಟಿಯಂತೆ ಬಂದು ಮುಚ್ಚಿಕೊಂಡಿತ್ತು. 'ನಿಮ್ಮ ಮಾವ ಒಂದಿನ ಆ ಕೊಂಬೆ ಕೊಯ್ದು ಯಾರಿಗೂ ಹೇಳ್ದೆ ಎಲ್ಲಿಗೋ ಹೊತ್ಕೊಂಡೋದ್ರು,' ಎಂದು ಅತ್ತೆ ಇರುವಷ್ಟು ದಿನವೂ ಹೇಳುತ್ತಿದ್ದರು. ಈಗ ಅರ್ಥವಾಯಿತು. ಹಳೆಯ ಮರ ಎಲ್ಲೋ ಮುರಿದಿರಬೇಕು. ಮೊದಲ ಸದ್ದು ತಪ್ಪಿಹೋಗಬಾರದೆಂದು ಮಾವ ತಮ್ಮ ಹಿತ್ತಲಿನ ಕೊಂಬೆಯನ್ನೇ ಕೆತ್ತಿ ಕೂಡಿಸಿ, ದೀಪದ ಮಸಿ ತಿಕ್ಕಿ ಕಪ್ಪು ಮಾಡಿ, ಬೀಟೆ ಎಂದು ಹೇಳಿಬಿಟ್ಟಿದ್ದರು.

ದೇವೀರಪ್ಪ ನಿಧಾನವಾಗಿ ಹೇಳಿದ. "ಮಸಿ ಇನ್ನೂ ಸಿಗ್ತದೆ. ಎಣ್ಣೇಲಿ ಕಲಸಿ ತಿಕ್ಬಿಡು. ಯಾರ್ಗೂ ಗೊತ್ತಾಗಲ್ಲ."

ಅವಳಿಗೂ ಹಾಗೇ ಅನಿಸಿತ್ತು. ಕಟ್ಟೆಯ ಮೇಲೆ ಹಳದಿ ಕೋವಿ ಇಟ್ಟರೆ ಊರು ನಗುವುದು ಕಣ್ಣಿಗೆ ಕಟ್ಟಿತು. ಬೆಣ್ಣೆ ಕೋವಿಯ ಹೆಸರೇ ಇನ್ನೂ ಆರಿರಲಿಲ್ಲ. ಅಡುಗೆಮನೆಗೆ ಹೋಗಿ ದೀಪದ ಬುಡ್ಡಿಯ ಮಸಿಯನ್ನು ಬೆರಳಿಗೆ ತೆಗೆದುಕೊಂಡೂ ಬಂದಳು. ಆಗ ಮಧ್ಯಾಹ್ನದ ಬಿಸಿಲು ಜಗಲಿಗೆ ಬಿದ್ದಿತ್ತು. ಹೆರೆದ ಮರದ ಮೇಲೆ ಸಣ್ಣ ಗೆರೆಗಳು ಒಂದರ ಪಕ್ಕ ಒಂದು, ಗದ್ದೆಯಲ್ಲಿ ಗಾಳಿ ಹಾದಾಗ ಪೈರು ಒರಗುವ ಹಾಗೆ, ಒಂದೇ ಕಡೆಗೆ ಒರಗಿಕೊಂಡಿದ್ದವು. ಅವಳು ನೋಡುತ್ತ ನಿಂತಳು. ಹಿತ್ತಲಿನ ಆ ಮರದ ಹಣ್ಣನ್ನು ಬಸುರಿಯಾಗಿದ್ದಾಗ ತಿಂದದ್ದು ನೆನಪಾಯಿತು.

ಮಸಿಯನ್ನು ಕಂಬಕ್ಕೆ ಒರೆಸಿಬಿಟ್ಟಳು.

"ಏನಾಯ್ತೇ?"

"ನಿಮಗೆ ಕಂಡಿದ್ರೆ ನೀವೂ ಬಳೀತಿರ್ಲಿಲ್ಲ," ಎಂದಳು.

ಮುಂದಿನ ಕೆಲಸ ನಿಧಾನದ್ದು. ತಗ್ಗು ಬಿದ್ದಲ್ಲಿ ಒದ್ದೆ ಬಟ್ಟೆ ಹಾಸಿ, ಕೆಂಡದಲ್ಲಿ ಕಾಸಿದ ದೋಸೆ ಮಗುಚುವ ಕಬ್ಬಿಣದ ಕೈಯನ್ನು ಒತ್ತಿದಳು. ಚುರ್ ಎಂದು ಹಬೆ ಎದ್ದು, ಮರ ನೀರು ಕುಡಿದು ಉಬ್ಬಿ ತಗ್ಗು ಸಮವಾಯಿತು. ಹಲ್ಲಿನ ಗುಳಿಗೆ, ಹೆರೆದ ಅದೇ ಹಲಸಿನ ಹುಡಿಗೆ ಅರಗು ಕರಗಿಸಿ ಕಲಸಿ ತುಂಬಿದಳು. ಆಮೇಲೆ ಉಪ್ಪುಕಾಗದದಿಂದ ಉಜ್ಜುವುದು. ಕೊನೆಗೆ ಗರಗತ್ತಿ ಎಲೆ. ಬೆಕ್ಕಿನ ನಾಲಗೆಯಂತೆ ಒರಟಾದ ಆ ಎಲೆಯಿಂದ ತಿಕ್ಕಿದರೆ ಮರ ನುಣುಪಾಗುತ್ತದೆ. ತಿಕ್ಕಿ ಮುಗಿಯಿತೆಂದು ಅವಳು ಕೊಟ್ಟಾಗಲೆಲ್ಲ ದೇವೀರಪ್ಪ ಬೆರಳಾಡಿಸಿ, "ಇಲ್ಲಿ ತರಿ ಐತೆ," ಎನ್ನುತ್ತಿದ್ದ. ಅವಳಿಗೆ ಎಷ್ಟು ನೋಡಿದರೂ ಕಾಣುತ್ತಿರಲಿಲ್ಲ. ಕಣ್ಣು ಮುಚ್ಚಿ ಮುಟ್ಟಿದರೆ ಇರುತ್ತಿತ್ತು.

"ನಿಮ್ಮ ಕೈಗೆ ತಪ್ಪು ಹುಡುಕೋದು ಚೆನ್ನಾಗಿ ಬರ್ತದೆ."

"ನಿನ್ನ ಜೊತೆ ಬಾಳಿ ಕಲಿತಿದ್ದು ಕಣೇ."

ಎಣ್ಣೆಗೆಂದು ಅವಳು ಅಜ್ಜಂಪುರಕ್ಕೆ ಹೋದಳು. ಅಲ್ಲಿ ಅಕ್ಕ ಕಲ್ಲಮ್ಮನ ಮನೆ. ಕಪ್ಪು ಮಣ್ಣಿನ ಹೊಲ, ಎರಡು ಗಾಡಿ. ಗಾಡಿಯ ಮರಕ್ಕೆ ಅವರು ಅಗಸೆ ಎಣ್ಣೆ ಹಚ್ಚುತ್ತಿದ್ದುದನ್ನು ಚಿಕ್ಕಂದಿನಿಂದ ನೋಡಿದ್ದಳು. ಕಲ್ಲಮ್ಮ ಸಣ್ಣ ಸೀಸೆಯಲ್ಲಿ ಎಣ್ಣೆ ಹೊಯ್ದು ಬೂಚು ಹಾಕಿ ಕೊಡುವಾಗ ತಂಗಿಯ ಮೊಣಕೈ ಹಿಡಿದುಕೊಂಡಳು.

"ಇದನ್ನೂ ಬೆಣ್ಣೆ ಸುರಿದಂಗೆ ಸುರೀಬ್ಯಾಡ. ಅಂಗೈಗೆ ನಾಕು ಹನಿ. ಅಂಗೈ ಬಿಸಿಯಾಗೋವರ್ಗೂ ತಿಕ್ಕು. ಒಣಗಿದ ಮೇಲೆ ಇನ್ನೊಂದ್ಸಲ. ಜಾಸ್ತಿಯಾದ್ರೆ ಅಂಟು ಬಿಡೋದೇ ಇಲ್ಲ. ನಿಂದು ಯಾವಾಗ್ಲೂ ಹಂಗೇ, ಅಕ್ಕರೆ ಬಂದ್ರೆ ಅಳತೆ ಇಲ್ಲ."

"ಆಯ್ತು ಬಿಡಕ್ಕ, ಇಲ್ಲಿಗೂ ಬಂತಾ ಆ ಸುದ್ದಿ?"

"ಸಂತೇಲೇ ಕೇಳ್ದೆ ಕಣೇ!"

ಪಿತೃಪಕ್ಷದ ಬಿಸಿಲಿನಲ್ಲಿ, ಅಕ್ಕ ಹೇಳಿದಂತೆ, ನಾಲ್ಕು ನಾಲ್ಕು ಹನಿ. ಮೊದಲ ಸಲ ಮರ ಎಣ್ಣೆಯನ್ನು ಹಾಗೇ ನುಂಗಿಬಿಟ್ಟಿತು. ಎರಡನೆಯ ಸಲಕ್ಕೆ ಬಣ್ಣ ಆಳವಾಯಿತು. ಅಂಗೈ ಬಿಸಿಯಾಗುವವರೆಗೆ ತಿಕ್ಕಿ, ಒಣಗಲು ಬಿಟ್ಟು, ಮತ್ತೆ ತಿಕ್ಕಿದಳು. ಹಳದಿ ಹೊಂಬಣ್ಣವಾಯಿತು, ಹೊಂಬಣ್ಣ ಜೇನಿನ ಬಣ್ಣವಾಯಿತು. ಅದು ಬೆಣ್ಣೆಯ ಹೊಳಪಿನಂತೆ ಮೇಲೆ ನಿಲ್ಲುತ್ತಿರಲಿಲ್ಲ, ಒಳಗಿನಿಂದ ಬರುತ್ತಿತ್ತು. ನವರಾತ್ರಿ ಶುರುವಾಗುವ ಹೊತ್ತಿಗೆ ದೇವೀರಪ್ಪ ಉದ್ದಕ್ಕೂ ಬೆರಳಾಡಿಸಿ, ಇನ್ನೊಮ್ಮೆ ಆಡಿಸಿ, ಮೊರ ಎಳೆದುಕೊಂಡು ಸ್ಕ್ರೂ ಹಾಕತೊಡಗಿದ. ಅವನಿಂದ ಅದಕ್ಕಿಂತ ದೊಡ್ಡ ಮಾತು ಅವಳಿಗೆ ಬೇಕಿರಲಿಲ್ಲ.

ವಿಜಯದಶಮಿಯ ಸಂಜೆ ಅವನು ಕಟ್ಟೆಗೆ ಬರಲಿಲ್ಲ. ಭತ್ತಕ್ಕೆ ಹಾಲು ತುಂಬುವ ಕಾಲ, ಗಿಳಿಗಳು ಹಬ್ಬವೆಂದು ಬಿಡುತ್ತವೆಯೇ? "ನಂಗೆ ನೋಡೋಕೇನೈತೆ? ಸದ್ದು ಇಲ್ಲಿಗೇ ಕೇಳ್ತದೆ. ನಮ್ ಕೋವಿ ಸದ್ದು ನಂಗೊತ್ತು, ಹೋಗು," ಎಂದ.

ಬನ್ನಿಕಟ್ಟೆಯ ಮೇಲೆ ಕೋವಿಗಳು ಮಲಗಿದ್ದವು. ಎಲ್ಲವೂ ಕಪ್ಪು, ಇಲ್ಲವೇ ಮಾಸಿದ ಕಂದು. ಗುರುಶಾಂತಮ್ಮ ಸೆರಗಿನ ಮರೆಯಿಂದ ತನ್ನದನ್ನು ತೆಗೆದು ಸಾಲಿನ ಮೊದಲಿಗೆ ಇಟ್ಟಳು. ಇಳಿಬಿಸಿಲು ಅದರ ಮೇಲೆ ಬಿತ್ತು. ಮಾತಾಡುತ್ತಿದ್ದವರು ಒಬ್ಬೊಬ್ಬರಾಗಿ ಕಟ್ಟೆಯ ಹತ್ತಿರ ಬಂದರು.

"ಇದ್ಯಾವ ಕೋವಿ ಅತ್ತಿಗೆ?" ಶಿವಮೂರ್ತಪ್ಪ ಮುಂದೆ ಬಂದು ಬಗ್ಗಿದ. "ನಮ್ಮಪ್ಪನ ಬೀಟೆ ಎಲ್ಲೋಯ್ತು?"

"ಬೀಟೆ ಇರ್ಲೇ ಇಲ್ಲ ಕಣಪ್ಪಾ. ಹಲಸು ಇದು."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಶಿವಮೂರ್ತಪ್ಪನ ಮುಖ ಕೆಂಪಾಯಿತು. "ಊರೆಲ್ಲ ಬೀಟೆ ಬೀಟೆ ಅಂತ ಹೇಳ್ಕೊಂಡು ತಿರುಗಿದ್ವಿ. ಅಪ್ಪನ ಮಾನ ತೆಗೆದ್ರಲ್ಲ!"

"ನಮ್ ಹಿತ್ತಲ ಮರದ್ದು, ಶಿವಮೂರ್ತಿ. ನೀನು ಮೇಲಿಂದ ಬಿದ್ದು ಮೊಣಕಾಲು ಕೆತ್ತಿಸ್ಕೊಂಡಿದ್ಯಲ್ಲ, ಅದೇ ಮರ. ಅಲ್ಲಿ ಕೊಂಬೆ ಕೊಯ್ದಿರೋ ಜಾಗ ನೋಡಿಲ್ವಾ? ಮಾವ ಇದನ್ನ ತಾವೇ ಕೆತ್ತಿದ್ದು. ಕೊಂಡು ತಂದಿದ್ದಲ್ಲ. ಇದ್ರಾಗೆ ಮಾನ ಹೋಗೋದೇನೈತೆ? ನಂಗಂತೂ ಜಾಸ್ತಿ ಆದಂಗೇ ಕಂಡ್ತು."

ಅವನು ಮೊಣಕಾಲನ್ನೊಮ್ಮೆ ಸವರಿಕೊಂಡ. ಆಮೇಲೆ ಬಗ್ಗಿ ಆ ಮರವನ್ನು ಒಂದು ಬೆರಳಿನಿಂದ ಮುಟ್ಟಿದ.

ಈರಭದ್ರಪ್ಪನವರು ಕೋವಿ ಎತ್ತಿದರು. ತುದಿಯಿಂದ ಶುರುಮಾಡಿ, ಕೈ ಹಿಡಿಯುವ ಸಣ್ಣ ಜಾಗಕ್ಕೆ ಬಂದು ಅಲ್ಲಿ ಹೆಬ್ಬೆರಳು ಒತ್ತಿ ನಿಂತರು. ಎರಡೂ ಕೈಯಲ್ಲಿ ಹಿಡಿದು ತಿರುಚಿ ನೋಡಿದರು. ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿದರು.

"ಇಲಿ ತಿಂದಿತ್ತು ಅಂದ್ರಲ್ಲ, ಎಲ್ಲಿ?" ಎಂದರು ಈರಭದ್ರಪ್ಪ.

ಅವಳು ತೋ‍ರಿಸಿದಳು. ಅವರು ಅರಗಿನ ಆ ಚಿಕ್ಕ ಕಲೆಯನ್ನು ಉಗುರಿನಿಂದ ಕೆರೆದರು. ಏಳಲಿಲ್ಲ. ಕೋವಿಯನ್ನು ಮರಳಿ ಕಟ್ಟೆಯ ಮೇಲೆ ಇಡದೆ, ನೇರ ಅವಳ ಕೈಗೆ ಕೊಟ್ಟರು.

"ಹೊತ್ತಾಯ್ತು, ಹಾರಿಸಮ್ಮಾ. ಎಲ್ರೂ ಬನ್ನಿಗೆ ಕಾಯ್ತಾವ್ರೆ."

ಅವಳು ಮದ್ದು ತುಂಬಿದಳು, ಕಿಡಿ ಹೊತ್ತಿಸುವ ಕೇಪು ಇಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಲಸಿನ ಮರವನ್ನು ಹೆಗಲಿಗೆ ಆನಿಸಿದಾಗ ಅದು ಬೆಚ್ಚಗಿತ್ತು. ಆಕಾಶಕ್ಕೆ ಮುಖ ಮಾಡಿ ಕುದುರೆ ಎಳೆದಳು. ಸದ್ದು ಗುಡ್ಡಕ್ಕೆ ಹೋಗಿ ಬಡಿದು, ಹೆಬ್ಬೆಯ ಕಾಡಿನ ಕಡೆಗೆ ಉರುಳುತ್ತಾ ಹೋಯಿತು. ಊರು ಬನ್ನಿಯ ಮೇಲೆ ಮುಗಿಬಿತ್ತು.

ಹೊಗೆ ಕರಗುವಾಗ ಶಿವಮೂರ್ತಪ್ಪ ಬನ್ನಿ ಸೊಪ್ಪು ತಂದು ಅತ್ತಿಗೆಯ ಕೈಗೆ ಕೊಟ್ಟು, ಬಗ್ಗಿ ಕಾಲು ಮುಟ್ಟಿದ. ಎದ್ದವನು ತನ್ನ ಹೊಸ ಕೋವಿಯನ್ನು ಹಿಂದೆ ಮುಂದೆ ತಿರುಗಿಸಿದ.

"ಅತ್ತಿಗೆ, ಇದರ ಮರಾನೂ ಹಿಂಗೇ ಮಾಡ್ಕೊಡ್ತೀರಾ? ಅಂಗಡೀನೋರು ಬಳಿದಿರೋ ಬಣ್ಣ ಈಗ್ಲೇ ಸುಲೀತಾ ಐತೆ."

"ತಂದಿಡು ಜಗಲೀಲಿ. ಮೊದ್ಲು ನಿಮ್ಮಣ್ಣನ ಕೈಗೆ ಕೊಡು, ಅವ್ರು ತರಿ ಐತೆ ಅಂದ್ರೆ ಐತೆ, ಅಷ್ಟೇ, ಎದುರು ಮಾತಾಡಂಗಿಲ್ಲ. ಅಗಸೆ ಎಣ್ಣೆ ಅಕ್ಕನ ಹತ್ರ ತರಿಸ್ತೀನಿ."

ಆಗ ದೂರದಿಂದ, ಗದ್ದೆಯ ಕಡೆಯಿಂದ ಕೇಳಿಸಿತು. ಢಣ್. ಢಣ್ ಢಣ್ ಢಣ್. ಗಿಳಿ ಓಡಿಸುವ ಸದ್ದಲ್ಲ ಅದು. ಹಗ್ಗ ಹರಿಯುವಂತೆ, ಬಿಡದೆ, ಮದುವೆಮನೆಯ ಡೋಲಿನಂತೆ ಬಡಿಯುತ್ತಿತ್ತು. ಕಟ್ಟೆಯ ಸುತ್ತ ಇದ್ದವರೆಲ್ಲ ಅತ್ತ ತಿರುಗಿ ನಕ್ಕರು. ಗುರುಶಾಂತಮ್ಮ ಬನ್ನಿಯನ್ನು ಸೆರಗಿನ ತುದಿಗೆ ಗಂಟುಹಾಕಿದಳು.

"ಆದ್ರೆ ಒಂದು ಮಾತು ನೆನಪಿಟ್ಕೋ ಶಿವಮೂರ್ತಿ, ಯಾರು ಏನೇ ಹೇಳ್ಲಿ, ಎಷ್ಟೇ ಅಕ್ಕರೆ ಬರ್ಲಿ, ಬೆಣ್ಣೆ ಮಾತ್ರ..." ಎನ್ನುತ್ತಲೇ ಕೋವಿಯನ್ನು ಹೆಗಲಿಗೇರಿಸಿ, ಸದ್ದು ಬರುತ್ತಿದ್ದ ಕಡೆಗೆ ಬದುವಿನ ಮೇಲೆ ಹೊರಟೇಬಿಟ್ಟಳು.